ಜೋಡು ಯಾರದು?

ಗೋವೆಯ ಪೋರ್ಚುಗೀಸ್ ವೈಸರಾಯ್ ದುವಾರ್ತೆ ದ ಮೆನೆಜೆಸ್ 1588ರಲ್ಲಿ ಜಪಾನಿನ ಅಧಿಪತಿ ಹಿದೆಯೊಶಿಗೆ ಓಲೆಯೊಂದನ್ನು ಬರೆಸಿದನು. ಪಾದ್ರಿ ವಲಿಗ್ನಾನೊ 1591ರಲ್ಲಿ ಕ್ಯೋಟೋದಲ್ಲಿ ಅದನ್ನು ಒಪ್ಪಿಸಿದಾಗ ಕಾಣಿಕೆಗಳ ನಡುವೆ ಯುರೋಪಿನ ಎರಡು ಉಕ್ಕಿನ ಕವಚಗಳೂ ಇದ್ದವು. ಕವಚಗಳನ್ನು ಬೊಕ್ಕಸ ತುಂಬ ಇರಿಸಿಕೊಂಡವನಿಗೇ ಮತ್ತೆರಡು ಕವಚ!

ಜಪಾನೀಯರಲ್ಲಿ ಕವಚಕ್ಕೆ ‘ಯೊರೊಯ್’, ಶಿರಸ್ತ್ರಾಣಕ್ಕೆ ‘ಕಬುತೊ’ ಎಂಬ ಹೆಸರುಗಳಿವೆ. ‘ಗುಸೊಕು’ ಎಂಬ ಮತ್ತೊಂದು ಪದವೂ ಉಂಟು. ಯಾವ ಕೊರತೆಯೂ ಇಲ್ಲದೆ ಪರಿಪೂರ್ಣವಾದದ್ದು ಎಂದು ಅದರ ಅರ್ಥ. ಬೌದ್ಧ ಭಿಕ್ಷುವಿನ ಪೂರ್ಣದೀಕ್ಷೆಯ ಶೀಲಗಳನ್ನು ಹೇಳುವಾಗಲೂ ಈ ಪದವೇ ಬರುತ್ತದೆ. ಕೊಲ್ಲಹೊರಟವನ ಉಡುಪಿಗೂ ಕೊಲ್ಲೆನೆಂದವನ ವ್ರತಕ್ಕೂ ಒಂದೇ ಮಾತು ಸಂದಿರುವುದು ನನ್ನನ್ನು ಬಹುಕಾಲ ಕಾಡಿದೆ. ತನ್ನನ್ನು ತಾನು ಕಾಪಾಡಿಕೊಳ್ಳುವುದೇ ಪರಿಪೂರ್ಣತೆಯೋ, ತನ್ನಿಂದ ಇತರರನ್ನು ಕಾಪಾಡುವುದೋ?

ನಮ್ಮ ಕುಮಾರವ್ಯಾಸನ ಯೋಧರು ತೊಟ್ಟದ್ದು ‘ಜೋಡು’, ತಲೆಗಿಟ್ಟದ್ದು ‘ಸೀಸಕ’. ಇಂದು ಜೋಡೆಂದರೆ ನಮ್ಮೂರುಗಳಲ್ಲಿ ಕಾಲಿನ ಮೆಟ್ಟು. ಸೀಸಕವನ್ನಂತೂ ನಿಘಂಟಿನಲ್ಲೇ ಹುಡುಕಬೇಕು. ಹುಟ್ಟಿನೊಡನೆ ಬಂದ ಕವಚವನ್ನು ಕೊಯ್ದು ಇಂದ್ರನಿಗಿತ್ತ ಕರ್ಣನನ್ನು ಮಾತ್ರ ನಾವು ಮರೆತಿಲ್ಲ. ಆ ದಾನಕ್ಕೆ ತಲೆಬಾಗುತ್ತಲೇ ಒಂದು ಸಂದೇಹವನ್ನು ಮುಂದಿಡುತ್ತೇನೆ. ಅವನನ್ನೇ ನಂಬಿದ್ದ ದುರ್ಯೋಧನನಿಗೂ ಆ ಕವಚದಲ್ಲಿ ಪಾಲಿರಲಿಲ್ಲವೇ? ಮೈ ತನ್ನದಾದರೂ ಅದರ ಕಾಪು ಕಾದು ಕುಳಿತವರಿಗೂ ಸೇರಿದ್ದು. ಕರ್ಣನಾದರೋ ತಿಳಿದೇ ಕೊಟ್ಟನು. ಕೊಡಲೂ ಬಿಡಲೂ ಕವಚವೇ ಇಲ್ಲದವರ ಮಾತೇನು?

ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳಗಳಿಂದ ಬಂದ ನಮ್ಮವರು ಈ ಗೋವೆಯ ಕಟ್ಟಡಗಳನ್ನು ಎತ್ತರಿಸುತ್ತಿದ್ದಾರೆ. ನಾನು ಮನೆ ಕಟ್ಟಿಸುವಾಗ ಎಂಜಿನಿಯರರ ತಲೆಯ ಮೇಲೆ ಬಿಳಿಯ ಹೆಲ್ಮೆಟ್ ಇತ್ತು. ನೋಡಲು ಹೋದ ನನಗೂ ಒಂದನ್ನು ಕೊಟ್ಟರು. ಅರ್ಧ ಗಂಟೆ ನಿಂತು ಬರುವವನಿಗೆ ಅದು! ಸಾರವೆಯ ಮೇಲಿದ್ದವರ ತಲೆಗೆ ಬರಿಯ ಟವೆಲು. ಸಿಮೆಂಟಿನ ದರವನ್ನು ಚೀಲಚೀಲಕ್ಕೆ ಕೇಳಿದ ನಾನು ಇದನ್ನೊಂದು ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ. ಲೆಕ್ಕ ಗುತ್ತಿಗೆದಾರನದು, ತಲೆ ಅವರದು ಎಂದು ಮನಸ್ಸು ಮೊದಲೇ ತೀರ್ಮಾನಿಸಿಬಿಟ್ಟಿತ್ತು.

ಕಾಂಕ್ರೀಟಿನ ಬುಟ್ಟಿ ಹೊತ್ತು ಏಣಿಯೇರುತ್ತಿದ್ದ ತಾಯಿಯೊಬ್ಬಳ ತಲೆಯ ಮೇಲೆ ಹಳೆಯ ಸೀರೆಯ ಸಿಂಬಿಯಿತ್ತು. ಮೇಲಿಂದ ಬೀಳುವುದನ್ನು ಅದು ತಡೆಯದು. ಭಾರ ಜಾರದಂತೆ ಹಿಡಿಯುತ್ತದೆ, ಅಷ್ಟೇ. ನಾನು ತೊಟ್ಟ ಹೆಲ್ಮೆಟನ್ನು ತೆಗೆದು ಅವಳಿಗೆ ಕೊಟ್ಟಿದ್ದರೂ ಬುಟ್ಟಿಯನ್ನು ಅವಳು ಎಲ್ಲಿಡಬೇಕಿತ್ತು?