ಚಾಂಪಿಯನ್, ಆದರೆ...

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಯವ್ವನಸ್ಥರೇ, ಎರಡನೆಯ ಅರಸುಗಳು 5ನೇ ಅಧ್ಯಾಯ ತೆಗೀರಿ. ನಾಮಾನ ದೊಡ್ಡ ಸೇನಾಪತಿ. ಆದರೆ ಕುಷ್ಠರೋಗಿ.

ಚೆಸ್ ಚಾಂಪಿಯನ್ನರಿಗೂ ಈ ‘ಆದರೆ’ ಇತ್ತು ನೋಡ್ರಿ. ಪಾಲ್ ಮಾರ್ಫಿ 1858ರಲ್ಲಿ, 21ನೇ ವಯಸ್ಸಿಗೇ ಯುರೋಪಿನ ದಿಗ್ಗಜರನ್ನು ಸೋಲಿಸಿದ. ಆದರೆ ಮುಂದೆ ತನ್ನವರನ್ನೇ ಸಂಶಯಪಟ್ಟು ಬದುಕಿದ. ಬಾಬಿ ಫಿಷರ್ 1972ರಲ್ಲಿ ವಿಶ್ವ ಚಾಂಪಿಯನ್ ಆದ. ಆದರೆ 1975ರಲ್ಲಿ ಆಡದೇ ಪಟ್ಟ ಕಳಕೊಂಡ, ದ್ವೇಷ ಕಾರುತ್ತಲೇ ಮುದುಕನಾದ. ಅವನೂ ಒಂದು ಸಭೆಗೆ ದೊಡ್ಡ ಕಾಣಿಕೆ ಕೊಟ್ಟವನೇ! ಬರೀ ಕಾಣಿಕೆಯಿಂದ ಒಳಗಿನ ಗಾಯ ಮಾಯೋದಿಲ್ಲ.

ಡಿಂಗ್ ಲಿರೆನ್ 2023ರಲ್ಲಿ ಗೆದ್ದರು. ತಮಗೆ ಖಿನ್ನತೆ ಇದೆ ಅಂತ ಮುಚ್ಚಿಡದೆ ಹೇಳಿದರು. 2024ರಲ್ಲಿ ನಮ್ಮ 18 ವರ್ಷದ ಗುಕೇಶ್‌ಗೆ ಸೋತರೂ 14ನೇ ಆಟದವರೆಗೆ ಹೋರಾಡಿದರು.

ನಾಮಾನ ಒಬ್ಬ ದಾಸಿ ಹುಡುಗಿಯ ಮಾತು ಕೇಳಿ ಹೊರಟ, ಸಿಟ್ಟು ಬಿಟ್ಟು ಯೊರ್ದನಿನಲ್ಲಿ ಏಳು ಸಾರಿ ಮುಳುಗಿದ, ಶುದ್ಧನಾದ.

ತಮ್ಮಾ, ತಂಗೀ, ರ‍್ಯಾಂಕ್ ಬಂದೈತಿ, ನೌಕರಿ ಸಿಕ್ಕೈತಿ, ಆದರೆ ರಾತ್ರಿ ನಿದ್ದಿ ಇಲ್ಲವೇ? ಆ ‘ಆದರೆ’ಯನ್ನು ಇವತ್ತು ಯೇಸುವಿಗೆ ಹೇಳು. ನಂಬುವ ಒಬ್ಬರಿಗೂ ಹೇಳು. ಡಾಕ್ಟರ್ ಹತ್ರ ಹೋಗೋದು ಅವಿಶ್ವಾಸ ಅಲ್ಲ. ಆಮೆನ್.