ಯಜಮಾನಿಕೆಯೂ ಒಡೆತನವೂ

ಊರ ಶಾಲೆಯ ಎದುರಿಗಿರುವ ಮೈದಾನ ಯಾರದು ಎಂದು ಯಾರಾದರೂ ಕೇಳಿದರೆ ನಾವು ಯೋಚಿಸದೆ ‘ಎಲ್ಲರದ್ದು’ ಎಂದುಬಿಡುತ್ತೇವೆ. ಎಲ್ಲರದ್ದು ಎಂದರೇನೆಂದು ಮತ್ತೆ ಕೇಳಿದರೆ ಉತ್ತರ ಅಷ್ಟು ಸುಲಭವಾಗಿ ಬಾರದು. ನನ್ನ ಜೇಬಿನ ಪೆನ್ನು ನನ್ನದು. ಬೇಡವೆನಿಸಿದ ದಿನ ಅದನ್ನು ಯಾರಿಗಾದರೂ ಕೊಡಬಹುದು, ಮಾರಲೂಬಹುದು. ಹಾಗಾದರೆ ಎಲ್ಲರದ್ದಾದ ವಸ್ತುವನ್ನು ಎಲ್ಲರೂ ಸೇರಿ ಮಾರಬಹುದೆ? ಎಲ್ಲರೂ ಬೇಡ, ಅರ್ಧಕ್ಕಿಂತ ಹೆಚ್ಚು ಜನ ಕೈಯೆತ್ತಿದರೆ ಸಾಕೆ? ಇದು ವಕೀಲರ ಪ್ರಶ್ನೆಯೆಂದು ಬಹುಕಾಲ ತಿಳಿದು ನೆಮ್ಮದಿಯಾಗಿದ್ದೆ. ನಮ್ಮ ವಾರ್ಡಿನ ಪಂಚಾಯತಿ ಸದಸ್ಯೆಯೊಬ್ಬರು ಅದನ್ನು ನನ್ನ ಮನೆಯ ಜಗಲಿಗೇ ತಂದು ಕೂರಿಸಿದರು.

ಕಾರ್ಕಳದಿಂದ ಪಡುಬಿದ್ರಿಗೆ ಹೋಗುವ ದಾರಿಯಲ್ಲಿ ನಿಟ್ಟೆ ಸಿಗುತ್ತದೆ. ನಾನು ಹೇಳುವ ಊರು ಅದರ ಮಗ್ಗುಲಿನದು. ಗದ್ದೆ, ಗುಡ್ಡ, ಗೇರುಮರಗಳ ಸೀಮೆಯಿದು. ನಿಟ್ಟೆಯಲ್ಲಿ 1979ರಲ್ಲಿ ವಿದ್ಯಾಸಂಸ್ಥೆ ಹುಟ್ಟಿತು. 1986ರಲ್ಲಿ ಇಂಜಿನಿಯರಿಂಗ್ ಕಾಲೇಜು ಬಂದಿತು. ದೂರದೂರದ ಹುಡುಗರು ಬಂದರು, ಅವರ ಹಿಂದೆ ಹೋಟೆಲು, ಬಾಡಿಗೆ ಕೋಣೆ, ಅಂಗಡಿಗಳು ಬಂದುವು. ಮೊದಲು ಎಷ್ಟು ಮುಡಿ ಬೆಳೆಯುವ ಗದ್ದೆಯೆಂದು ಕೇಳುತ್ತಿದ್ದವರು ಈಗ ಎಷ್ಟು ಸೆಂಟ್ಸ್ ಜಾಗವೆಂದು ಕೇಳುತ್ತಾರೆ. ಇದನ್ನು ದೂರಾಗಿ ಹೇಳುತ್ತಿಲ್ಲ. ಈ ಊರುಗಳ ಎಷ್ಟೋ ಮನೆಗಳಲ್ಲಿ ಒಲೆ ಉರಿಯುವುದು ಆ ಬದಲಾವಣೆಯಿಂದಲೇ.

ನಮ್ಮ ಮೈದಾನ ರಸ್ತೆಗೆ ತಾಗಿಕೊಂಡಿದೆ. ಬೆಳಗ್ಗೆ ಶಾಲೆಯ ಮಕ್ಕಳ ಡ್ರಿಲ್, ಮಧ್ಯಾಹ್ನ ನಾಲ್ಕಾರು ದನ, ಸಂಜೆ ವಾಲಿಬಾಲ್; ಅಷ್ಟಮಿಯಲ್ಲಿ ಮೊಸರು ಕುಡಿಕೆ; ಚಳಿಗಾಲದಿಂದ ಪತ್ತನಾಜೆಯವರೆಗೆ ಒಂದೆರಡು ಹರಕೆಯಾಟ. ಮೂಲೆಯಲ್ಲಿ ಒಂದು ಹಂಚಿನ ಕೋಣೆ. ಅದೇ ಊರಿನ ವಾಚನಾಲಯ. ಈ ಮೈದಾನದ ರಸ್ತೆ ಬದಿಯಲ್ಲಿ ಒಂದು ಸಾಲು ಮಳಿಗೆ ಕಟ್ಟಿ ಬಾಡಿಗೆಗೆ ಕೊಡಬೇಕೆಂಬ ಸೂಚನೆ ಬಂದಿತು. ವಾಚನಾಲಯದ ಕೋಣೆ ಹೋಗಬೇಕು. ಮೈದಾನದ ಅರ್ಧಭಾಗ ಹೋಗಬೇಕು. ಆದರೆ ಬಾಡಿಗೆಯ ಹಣದಿಂದ ಪಂಚಾಯತಿಗೆ ವರ್ಷವರ್ಷವೂ ವರಮಾನ. ಅದರಿಂದ ಚರಂಡಿ, ದಾರಿದೀಪ, ಬೇಸಗೆಯಲ್ಲಿ ಟ್ಯಾಂಕರ್ ನೀರು. ಕೆಲವರಿಗೆ ವ್ಯಾಪಾರದ ದಾರಿ. ಹೊಲಿಗೆ ಮೆಷಿನ್ ಇಡಲು ಒಂದು ಕೋಣೆಗಾಗಿ ಕಾದಿರುವ ಹೆಂಗಸರೂ ನಮ್ಮೂರಿನಲ್ಲಿದ್ದಾರೆ. ಊರಿನ ಬಹುಪಾಲು ಜನ ಅರ್ಜಿಗೆ ಸಹಿ ಹಾಕಿದರು. ಒಂದು ಸಹಿ ನನ್ನದು.

ನಮ್ಮ ಸದಸ್ಯೆ ಹಾಕಲಿಲ್ಲ. ಅವರು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಹೆಂಗಸು. ಮೀಸಲಾತಿಯಿಂದ ಬಂದವರು, ಹೆಚ್ಚು ಮಾತಾಡುವವರಲ್ಲ. ಗ್ರಾಮಸಭೆಯಲ್ಲಿ ಎದ್ದು ನಿಂತು ಮಳಿಗೆಗಳನ್ನು ಬೇರೆ ಕಡೆ ಕಟ್ಟಿ, ಮೈದಾನವನ್ನು ಬಿಟ್ಟುಬಿಡಿ ಎಂದರು. ಹಿಂದಿನ ಸಾಲಿನಿಂದ ಒಬ್ಬರು, ‘ನಿಮಗೆ ಓಟು ಹಾಕಿದ್ದು ನಾವು, ನಾವು ಹೇಳಿದ್ದನ್ನು ಹೇಳುವುದಕ್ಕೆ ನೀವಿರುವುದು’ ಎಂದು ಕೂಗಿದರು. ಚಪ್ಪಾಳೆಯೂ ಬಿತ್ತು. ಆಕೆ ಕುಳಿತರು. ನಾನೂ ಅಲ್ಲೇ ಕುಳಿತಿದ್ದೆ, ಬಾಯಿ ಬಿಡಲಿಲ್ಲ.

ಮರುದಿನ ಬೀಡಿಯ ಬ್ರಾಂಚಿಗೆ ಹೋಗಿ ಬರುವ ದಾರಿಯಲ್ಲಿ ಆಕೆ ನಮ್ಮ ಮನೆಗೆ ಬಂದರು. ತುಳುವಿನಲ್ಲಿ ಆಡಿದ ಮಾತನ್ನು ಕನ್ನಡದಲ್ಲಿ ಹೇಳುತ್ತಿದ್ದೇನೆ: ‘ಮಾಷ್ಟ್ರೇ, ನೀವು ಸಹಿ ಹಾಕಿದ್ದಕ್ಕೆ ನನಗೇನೂ ಬೇಸರವಿಲ್ಲ. ಒಂದು ಮಾತು ಕೇಳುತ್ತೇನೆ. ನಮ್ಮ ಹಿರಿಯರ ಕಾಲದಲ್ಲಿ ಮನೆಯ ಯಜಮಾನ ಕುಟುಂಬದ ಗದ್ದೆಯನ್ನು ಬೇಸಾಯ ಮಾಡಿಸುತ್ತಿದ್ದ, ಗೇಣಿಗೆ ಕೊಡುತ್ತಿದ್ದ. ಆದರೆ ತನಗೆ ಬೇಕೆನಿಸಿತೆಂದು ಮಾರಬಹುದಿತ್ತೆ? ಇನ್ನೂ ಹುಟ್ಟದ ಸೊಸೆ, ಅಳಿಯಂದಿರ ಪಾಲು ಅದರಲ್ಲಿ ಉಂಟಲ್ಲ?’ ಅಷ್ಟು ಹೇಳಿ, ಕಾಫಿ ಕುಡಿದು, ಬೀಡಿ ಎಲೆಯ ಕಟ್ಟನ್ನು ಎತ್ತಿಕೊಂಡು ಹೋದರು.

ಘಟ್ಟದ ಮೇಲಿನ ಓದುಗರಿಗೆ ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಳೆಯ ದಕ್ಷಿಣ ಕನ್ನಡದ ಅಳಿಯಸಂತಾನ ಕಟ್ಟಿನಲ್ಲಿ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿದುಬರುತ್ತಿತ್ತು. ಅದು ಕುಟುಂಬದ್ದು, ಯಾವೊಬ್ಬನದೂ ಅಲ್ಲ. ಹುಟ್ಟಿದ ಮಗುವಿಗೆ ಹುಟ್ಟಿನಿಂದಲೇ ಅದರಲ್ಲಿ ಹಕ್ಕು. ಆದರೂ ತನ್ನ ಪಾಲನ್ನು ಹಂಚಿಕೊಡಿ ಎಂದು ಯಾರೂ ಬಲವಂತ ಮಾಡುವಂತಿರಲಿಲ್ಲ. ಮದ್ರಾಸು ಸರಕಾರದ 1949ರ ಅಳಿಯಸಂತಾನ ಕಾನೂನು ಬಂದ ಮೇಲೆಯೇ ಪಾಲು ಕೇಳುವ ದಾರಿ ತೆರೆದದ್ದು. ಯಜಮಾನನೋ ಯಜಮಾನ್ತಿಯೋ ಆಡಳಿತ ನಡೆಸುವವರು. ಕುಟುಂಬದ ನಿಜವಾದ ಅಗತ್ಯವಿಲ್ಲದೆ ಅವರು ಮಾಡಿದ ವಿಕ್ರಯವನ್ನು ಉಳಿದವರು ಕೋರ್ಟಿನಲ್ಲಿ ಪ್ರಶ್ನಿಸಬಹುದಾಗಿತ್ತು. ಯಜಮಾನಿಕೆ ಬೇರೆ, ಒಡೆತನ ಬೇರೆ. ದೇವಸ್ಥಾನದ ಮೊಕ್ತೇಸರರ ಮಾತೂ ಹಾಗೆಯೇ. ದೇವರು ಕಾನೂನಿನ ಕಣ್ಣಿನಲ್ಲಿ ಎಂದೆಂದಿಗೂ ಪ್ರಾಯಕ್ಕೆ ಬಾರದ ಬಾಲಕ. ಬಾಲಕನ ಸೊತ್ತನ್ನು ಕಾಯುವವನು ತನ್ನ ಮನಸ್ಸಿಗೆ ಬಂದಂತೆ ಅದನ್ನು ಕಳೆಯುವಂತಿಲ್ಲ.

ಊರಿನ ಮೈದಾನವನ್ನು ಈ ದೃಷ್ಟಿಯಿಂದ ನೋಡಿದರೆ, ಅದರ ನಿಜವಾದ ಒಡೆಯರಲ್ಲಿ ಹೆಚ್ಚಿನವರು ಗ್ರಾಮಸಭೆಗೆ ಬರಲಾರದವರು ಎಂಬುದು ಹೊಳೆಯುತ್ತದೆ. ಅಲ್ಲಿ ಆಡುವ ಮಕ್ಕಳಿಗೆ ಓಟಿಲ್ಲ. ಇನ್ನು ಇಪ್ಪತ್ತು ವರ್ಷಕ್ಕೆ ಆಡಲಿರುವವರಿಗೆ ಇನ್ನೂ ಹೆಸರೇ ಇಲ್ಲ. ಕೈಯೆತ್ತಿದವರೆಲ್ಲ ಆಟ ಮುಗಿಸಿದ ನನ್ನಂಥವರು. ನಾವು ಬಹುಮತವೆಂದು ಕರೆದದ್ದು ಬಂದವರ ಬಹುಮತ, ಪಾಲುದಾರರ ಬಹುಮತವಲ್ಲ.

‘ಪ್ರಜಾಪ್ರಭುತ್ವದಲ್ಲಿ ಬಹುಮತಕ್ಕಿಂತ ದೊಡ್ಡದು ಯಾವುದಯ್ಯ?’ ಎಂದು ಕೇಳುವವರುಂಟು. ಈ ಪ್ರಶ್ನೆಗೆ ಉತ್ತರ ಹುಡುಕಲು ನಿಟ್ಟೆಯ ಕಡೆಯವರು ಬಹಳ ದೂರ ಹೋಗಬೇಕಾಗಿಲ್ಲ. ಕಾಸರಗೋಡಿನ ಬಳಿಯ ಎಡನೀರು ಮಠದ ಕೇಶವಾನಂದ ಭಾರತಿಗಳು ಹೂಡಿದ ಮೊಕದ್ದಮೆಯನ್ನು ಸುಪ್ರೀಂ ಕೋರ್ಟಿನ 13 ನ್ಯಾಯಾಧೀಶರು ಕೇಳಿ, 1973ರ ಏಪ್ರಿಲ್ 24ರಂದು ತೀರ್ಪಿತ್ತರು. ಪಾರ್ಲಿಮೆಂಟಿಗೆ ಸಂವಿಧಾನವನ್ನು ತಿದ್ದುವ ಅಧಿಕಾರವಿದೆ, ಆದರೆ ಅದರ ಮೂಲರಚನೆಯನ್ನೇ ಕೆಡವುವ ಅಧಿಕಾರವಿಲ್ಲ ಎಂದವರು ಏಳು ಜನ. ಆ ಏಳರಲ್ಲಿ ಒಬ್ಬರು ಕಾರ್ಕಳ ತಾಲ್ಲೂಕಿನ ಕೆ. ಎಸ್. ಹೆಗ್ಡೆಯವರು. ಅದರ ಬೆನ್ನಿಗೇ ಸರಕಾರವು ಹಿರಿಯರಾದ ಶೆಲತ್, ಹೆಗ್ಡೆ, ಗ್ರೋವರ್ ಮೂವರನ್ನೂ ದಾಟಿ ನಾಲ್ಕನೆಯವರನ್ನು ಮುಖ್ಯ ನ್ಯಾಯಾಧೀಶರನ್ನಾಗಿ ಮಾಡಿತು. ಮೂವರೂ ರಾಜೀನಾಮೆಯಿತ್ತು ಹೊರಬಂದರು. ನಿಟ್ಟೆಯ ವಿದ್ಯಾಸಂಸ್ಥೆಯನ್ನು ಸ್ಥಾಪಿಸಿದವರು ಇದೇ ಹೆಗ್ಡೆಯವರು. ಸಂವಿಧಾನಕ್ಕೂ ವಾಲಿಬಾಲ್ ಮೈದಾನಕ್ಕೂ ಎತ್ತಣ ಸಂಬಂಧವೆಂದು ನಗಬಾರದು. ಇಂದಿನ ಬಹುಮತವು ನಾಳೆಯವರ ನೆಲೆಯನ್ನೇ ತೆಗೆಯಲಾರದೆಂಬ ತತ್ತ್ವ ದೊಡ್ಡ ಕಡೆ ನಿಜವಾದರೆ ಸಣ್ಣ ಕಡೆಯೂ ನಿಜವಾಗಿರಬೇಕು.

ಸಣ್ಣ ಕಡೆಯ ಉದಾಹರಣೆಯೂ ಇದೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟ ನಿವೇಶನವನ್ನು ಖಾಸಗಿ ಆಸ್ಪತ್ರೆ ಕಟ್ಟಲು ಕೊಟ್ಟರು. ಅಲ್ಲಿಯ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟು ಆ ಕೊಡುಗೆಯನ್ನು ತಳ್ಳಿಹಾಕಿತು. ಆಸ್ಪತ್ರೆಯೇನು ಕೆಟ್ಟದ್ದೆ? ಅಲ್ಲ. ಆದರೆ ಉದ್ಯಾನ ಹಣವಿಲ್ಲದವನಿಗೂ ತೆರೆದಿದೆ. ಖಾಸಗಿ ಆಸ್ಪತ್ರೆಯ ಬಾಗಿಲು ಹಾಗಲ್ಲ. ಒಳ್ಳೆಯ ಕೆಲಸವೊಂದು ಇನ್ನೊಬ್ಬರ ಸೊತ್ತಿನ ಮೇಲೆ ನಿಲ್ಲಬೇಕಾದಾಗ, ಒಳ್ಳೆಯತನವೇ ಅದಕ್ಕೆ ಹಕ್ಕುಪತ್ರವಾಗುವುದಿಲ್ಲ.

ಇಷ್ಟರಿಂದ ನಮ್ಮ ಸದಸ್ಯೆಯ ವಾದ ಗೆದ್ದಿತೆಂದು ಹೇಳಿಬಿಡಬಹುದಿತ್ತು. ಆದರೆ ಎರಡು ಮುಳ್ಳುಗಳು ನನ್ನನ್ನು ಬಿಡಲಿಲ್ಲ.

ಮೊದಲನೆಯದು: ಹಿಂದಿನಿಂದ ಬಂದ ‘ಎಲ್ಲರದ್ದು’ ನಿಜವಾಗಿ ಎಲ್ಲರದ್ದಾಗಿತ್ತೆ? ಕೊಂಕಣದ ಮಹಾಡ್ ಪುರಸಭೆ ತನ್ನ ಚವದಾರ್ ಕೆರೆಯನ್ನು ಅಸ್ಪೃಶ್ಯರೆನಿಸಿಕೊಂಡವರಿಗೂ ತೆರೆಯುವುದೆಂದು 1924ರಲ್ಲಿ ನಿರ್ಣಯಿಸಿತು. ನಿರ್ಣಯ ಕಾಗದದಲ್ಲೇ ಉಳಿಯಿತು. 1927ರ ಮಾರ್ಚ್ 20ರಂದು ಅಂಬೇಡ್ಕರರು ಸಾವಿರಾರು ಜನರೊಡನೆ ಹೋಗಿ ಆ ನೀರನ್ನು ಕುಡಿದಾಗ ಅವರ ಜನರಿಗೆ ಏಟು ಬಿದ್ದಿತು. ಅದೇ ಆಗಸ್ಟಿನಲ್ಲಿ ಪುರಸಭೆ ತನ್ನ ನಿರ್ಣಯವನ್ನೇ ಹಿಂದಕ್ಕೆ ಪಡೆಯಿತು. ಬೊಂಬಾಯಿ ಹೈಕೋರ್ಟು ಅವರ ಹಕ್ಕನ್ನು ಎತ್ತಿಹಿಡಿದದ್ದು 1937ರಲ್ಲಿ. ಕೆರೆಯನ್ನು ಯಾರೂ ಮಾರಿರಲಿಲ್ಲ, ಮುಚ್ಚಿರಲಿಲ್ಲ. ಆದರೂ ಕೆಲವರ ಪಾಲಿಗೆ ಅದು ಇರಲೇ ಇಲ್ಲ. ಆದ್ದರಿಂದ ಸಾರ್ವಜನಿಕ ವಸ್ತುವನ್ನು ರಕ್ಷಿಸುವುದೆಂದರೆ ಬೇಲಿ ಹಾಕುವುದಷ್ಟೇ ಅಲ್ಲ. ಬಾಗಿಲು ತೆರೆದಿದೆಯೆ ಎಂದು ನೋಡುವುದೂ ಹೌದು. ನಮ್ಮ ಮೈದಾನದಲ್ಲಿ ಸಂಜೆ ಹೆಣ್ಣುಮಕ್ಕಳು ಆಡುವುದನ್ನು ನಾನು ಕಂಡದ್ದು ಕಡಮೆ. ಅದನ್ನೂ ಆ ಸದಸ್ಯೆಯೇ ನನಗೆ ತೋರಿಸಿಕೊಟ್ಟರು.

ಎರಡನೆಯ ಮುಳ್ಳು ಇನ್ನೂ ಚೂಪಾದದ್ದು. ಜನರ ಮಾತನ್ನು ಮೀರಿ ಜನರ ಹಿತವನ್ನು ಬಲ್ಲೆನೆನ್ನುವ ಪ್ರತಿನಿಧಿಯನ್ನು ನಂಬುವುದು ಹೇಗೆ? ಯಜಮಾನರಲ್ಲಿ ದರ್ಪದವರಿರಲಿಲ್ಲವೆ, ಮೊಕ್ತೇಸರರಲ್ಲಿ ಕೈ ಉದ್ದದವರಿರಲಿಲ್ಲವೆ? ಇಂಗ್ಲೆಂಡಿನ ಎಡ್ಮಂಡ್ ಬರ್ಕ್ 1774ರಲ್ಲಿ ಬ್ರಿಸ್ಟಲ್ ನಗರದ ಮತದಾರರಿಗೆ, ನನ್ನ ವಿವೇಕವನ್ನು ನಿಮ್ಮ ಅಭಿಪ್ರಾಯಕ್ಕೆ ಬಲಿಗೊಡಲಾರೆನೆಂಬ ಅರ್ಥದ ಮಾತನ್ನು ಮುಖಕ್ಕೆ ಮುಖ ಕೊಟ್ಟು ಹೇಳಿದನು. 1780ರ ಚುನಾವಣೆಯಲ್ಲಿ ಬೆಂಬಲವಿಲ್ಲವೆಂದು ಕಂಡು ಅಲ್ಲಿಂದ ಹಿಂದೆ ಸರಿಯಬೇಕಾಯಿತು. ಆತನ ಮಾತು ಸರಿಯೆಂದು ಒಪ್ಪಿದರೂ, ಅದೇ ಮಾತನ್ನು ಸರ್ವಾಧಿಕಾರಿಯೂ ಆಡಬಲ್ಲನಲ್ಲ ಎಂಬ ಶಂಕೆ ಉಳಿದೇ ಉಳಿಯುತ್ತದೆ.

ಬಹಳ ದಿನ ಇದನ್ನು ಮನಸ್ಸಿನಲ್ಲಿ ತಿರುವಿಹಾಕಿದ ಮೇಲೆ ನನಗೆ ಒಂದು ವ್ಯತ್ಯಾಸ ಕಂಡಿತು. ಮಳಿಗೆ ಕಟ್ಟುವವರು ನಾಳೆಯವರ ಪರವಾಗಿ ಇಂದೇ ತೀರ್ಮಾನಿಸಿಬಿಡುತ್ತಾರೆ. ಮೈದಾನವನ್ನು ಉಳಿಸುವವರು ಏನನ್ನೂ ತೀರ್ಮಾನಿಸುವುದಿಲ್ಲ; ತೀರ್ಮಾನಿಸುವ ಹಕ್ಕನ್ನು ನಾಳೆಯವರ ಕೈಗೆ ದಾಟಿಸುತ್ತಾರೆ. ಮೈದಾನವಿದ್ದರೆ ಮುಂದೊಂದು ದಿನ ಮಳಿಗೆ ಕಟ್ಟಬಹುದು. ಮಳಿಗೆ ಎದ್ದ ಮೇಲೆ, ಅದರಲ್ಲಿ ಹತ್ತು ಸಂಸಾರಗಳ ಹೊಟ್ಟೆ ಸೇರಿಕೊಂಡ ಮೇಲೆ, ಮತ್ತೆ ಮೈದಾನ ಮಾಡುವ ಎದೆಗಾರಿಕೆ ಯಾರಿಗೆ ಬಂದೀತು? ಹಿಂದಕ್ಕೆ ಪಡೆಯಬಹುದಾದ ವಿಷಯಗಳಲ್ಲಿ ಬಹುಮತ ತನ್ನ ಇಚ್ಛೆಯಂತೆ ನಡೆಯಲಿ. ತೆರಿಗೆ ಎಷ್ಟು, ದೀಪ ಎಲ್ಲಿ, ಯಾವ ರಸ್ತೆ ಮೊದಲು ಎಂಬಲ್ಲಿ ಪ್ರತಿನಿಧಿ ಜನರ ಮಾತನ್ನು ಕೇಳಬೇಕು. ಹಿಂದಕ್ಕೆ ಬಾರದ್ದನ್ನು ಕಳೆಯುವಲ್ಲಿ ಮಾತ್ರ ಆತ ಕಾವಲುಗಾರ. ಅಲ್ಲಿ ಬೇಡವೆನ್ನುವುದು ದರ್ಪವಲ್ಲ. ಅದೂ ಬಹಿರಂಗವಾಗಿ, ಸಭೆಯಲ್ಲಿ, ಮುಂದಿನ ಓಟಿನಲ್ಲಿ ಸೋಲಬಹುದೆಂದು ತಿಳಿದು ಹೇಳಬೇಕು. ಕುರ್ಚಿ ಹೋದರೂ ಸರಿಯೆನ್ನುವವನ ಮಾತಿಗೂ, ಕುರ್ಚಿ ಬಿಡಲೊಲ್ಲದ ಸರ್ವಾಧಿಕಾರಿಯ ಮಾತಿಗೂ ಇಲ್ಲಿ ದಾರಿ ಬೇರೆಯಾಗುತ್ತದೆ.

ನಮ್ಮ ಕಾನೂನೂ ಇದಕ್ಕೆ ದೂರವಾಗಿಲ್ಲ. 1993ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿ ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳ ಪಟ್ಟಿಯೊಂದನ್ನು ಕೊಟ್ಟಿತು. ಅದರಲ್ಲಿ ಗ್ರಂಥಾಲಯವಿದೆ, ಕಟ್ಟಕಡೆಯದಾಗಿ ಸಮುದಾಯದ ಸೊತ್ತುಗಳ ನಿರ್ವಹಣೆಯೂ ಇದೆ. ನಿರ್ವಹಣೆ ಎಂಬ ಶಬ್ದವನ್ನು ಗಮನಿಸಬೇಕು. ಅದು ಯಜಮಾನನ ಶಬ್ದ, ಒಡೆಯನದಲ್ಲ. ಕರ್ನಾಟಕದಲ್ಲಿ ಗ್ರಾಮ ಪಂಚಾಯತಿ ಗ್ರಂಥಾಲಯಗಳನ್ನು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ವಹಿಸಿದ ಮೇಲೆ ಎಷ್ಟೋ ಊರುಗಳಲ್ಲಿ ಅವಕ್ಕೆ ಹೊಸ ಬಣ್ಣ, ಹೊಸ ಪುಸ್ತಕ ಬಂದುವು. ಹಾಗಿರುವಾಗ ನಮ್ಮ ಹಂಚಿನ ಕೋಣೆಯನ್ನು ಕೆಡವಲು ನಾನು ಸಹಿ ಹಾಕಿದ್ದೆ. ಆ ಕೋಣೆಯಲ್ಲಿ ಕುಳಿತು ನಾನು ಓದಿದ ಪತ್ರಿಕೆಗಳೆಷ್ಟೋ. ಅದರ ಬಾಕಿಯನ್ನು ನಾನು ತೀರಿಸಿದ ಬಗೆ ಇದು.

ಮಳಿಗೆಯ ಸೂಚನೆ ಬಿದ್ದುಹೋಗಲಿಲ್ಲ, ಮುಂದೂಡಲ್ಪಟ್ಟಿತು. ಹಳೆಯ ಪಂಚಾಯತಿ ಕಟ್ಟಡದ ಜಾಗದಲ್ಲಿ ನಾಲ್ಕು ಕೋಣೆ ಕಟ್ಟಬಹುದೆಂದು ಆ ಸದಸ್ಯೆ ಅಳತೆ ಹಿಡಿಸಿ ತಂದರು. ನಾಲ್ಕು ಸಾಲದೆಂದು ಹೇಳುವವರು ಇದ್ದಾರೆ. ಅವರ ಮಾತೂ ಸುಳ್ಳಲ್ಲ. ಹೊಲಿಗೆ ಮೆಷಿನಿನ ಹೆಂಗಸರಿಗೆಲ್ಲ ಅದರಲ್ಲಿ ಜಾಗ ಸಿಕ್ಕೀತೆಂದು ನಾನು ಹೇಳಲಾರೆ. ಮೈದಾನವನ್ನು ಉಳಿಸುವುದರ ಬೆಲೆಯನ್ನು ಯಾರೋ ಕೊಡುತ್ತಾರೆ. ಕೊಡುವವರು ಸಾಮಾನ್ಯವಾಗಿ ಬಡವರು. ಉಳಿಸಿದೆವೆಂದು ಹೆಮ್ಮೆಪಡುವವರು ಇದನ್ನು ಮರೆಯಬಾರದು.

ನಾನು ಕಳೆದ ತಿಂಗಳು ಪಂಚಾಯತಿ ಕಚೇರಿಗೆ ಹೋಗಿ, ನನ್ನ ಸಹಿಯನ್ನು ಹಿಂದಕ್ಕೆ ಪಡೆಯುತ್ತೇನೆಂದು ಒಂದು ಕಾಗದ ಕೊಟ್ಟೆ. ಗುಮಾಸ್ತರು ಅದನ್ನು ಎರಡು ಸಲ ಓದಿ, ‘ಇಂಥದ್ದಕ್ಕೆ ನಮೂನೆ ಇಲ್ಲವಲ್ಲ ಮಾಷ್ಟ್ರೇ’ ಎಂದರು. ಆದರೂ ಮುದ್ರೆಯೊತ್ತಿ ತೆಗೆದುಕೊಂಡರು. ಹೊರಗೆ ಬಂದಾಗ ಸಂಜೆಯಾಗಿತ್ತು. ಮೈದಾನದಲ್ಲಿ ವಾಲಿಬಾಲ್ ನಡೆದಿತ್ತು. ಚೆಂಡು ನನ್ನ ಕಾಲಬುಡಕ್ಕೆ ಉರುಳಿ ಬಂತು. ‘ಅಜ್ಜಾ, ಚೆಂಡು’ ಎಂದು ಹುಡುಗನೊಬ್ಬ ಕೈಚಾಚಿದ. ಅವನ ಚೆಂಡನ್ನು ಅವನಿಗೆ ಕೊಟ್ಟು ಮನೆಗೆ ಬಂದೆ.