ಸುಂಕದವನಿಗೂ ಮತ ಬೇಕು

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆಯಲ್ಲಿ ಇಬ್ಬರಿದ್ದಾರೆ. ಎತ್ತು ಕುಂಟುತ್ತಿದೆ, ಮಳೆ ಕೈಕೊಟ್ಟಿತು, ಮನೆಯಲ್ಲಿ ಮದುವೆಯಿದೆ ಎಂದು ಗಾಡಿಯವನು ಹೇಳುತ್ತಲೇ ಇರುತ್ತಾನೆ. ಕಟ್ಟೆಯ ಮೇಲಿನವನ ಕಣ್ಣು ಹೇರಿನ ಮೇಲಿರುತ್ತದೆ. ಅವನಿಗೆ ಅನ್ನ ಹಾಕುವವನು ದೊರೆ. ಗಾಡಿಯವನ ಮುನಿಸಿನಿಂದ ಅವನಿಗೆ ಆಗಬೇಕಾದ್ದು ಏನೂ ಇಲ್ಲ.

ಧಾರವಾಡ, ತುಮಕೂರು ಕಡೆಯ ಮಾವು ‘ಕರ್ನಾಟಕ ಹಾಪೂಸ್’ ಎನಿಸಿಕೊಂಡು ಬಂದಿಳಿಯುವ ಪುಣೆಯ ಮಾರ್ಕೆಟ್ ಯಾರ್ಡ್‌ನಲ್ಲಿ ಗಾದೆ ಹೀಗೆ ನಡೆಯಲಿಲ್ಲ. 2013ರ ಏಪ್ರಿಲ್‌ನಲ್ಲಿ ಪುಣೆಯಲ್ಲಿ ಜಕಾತಿ ಹೋಗಿ ಸ್ಥಳೀಯ ಸಂಸ್ಥೆ ತೆರಿಗೆ, ಅಂದರೆ ಎಲ್‌ಬಿಟಿ, ಬಂತು. ವ್ಯಾಪಾರಿಗಳು ಅಂಗಡಿ ಬಾಗಿಲು ಹಾಕಿ ಬೀದಿಗಿಳಿದರು. ಆಗ ರಾಜ್ಯವನ್ನೂ ಪಾಲಿಕೆಯನ್ನೂ ಆಳುತ್ತಿದ್ದದ್ದು ಕಾಂಗ್ರೆಸ್ ಮತ್ತು ರಾಷ್ಟ್ರವಾದಿ ಕಾಂಗ್ರೆಸ್. ತೆರಿಗೆ ತೆಗೆಯುತ್ತೇವೆಂದು ಮಾತು ಕೊಟ್ಟ ಬಿಜೆಪಿ 2014ರಲ್ಲಿ ಗೆದ್ದಿತು. 2015ರ ಆಗಸ್ಟ್‌ನಿಂದ ದೊಡ್ಡ ವಹಿವಾಟಿನವರ ಹೊರತು ಉಳಿದವರಿಗೆ ಎಲ್‌ಬಿಟಿ ಇಲ್ಲವಾಯಿತು. ಸುಂಕದವನ ಕಿವಿ ತೆರೆದಿತ್ತು.

ಮೂರೇ ವರ್ಷಕ್ಕೆ ಪಾತ್ರಗಳು ಅದಲುಬದಲಾದವು.

2017ರಲ್ಲಿ ಪಾಲಿಕೆಯೂ ಬಿಜೆಪಿಯ ಕೈಗೆ ಬಂದಿತ್ತು. ಆಯುಕ್ತ ಕುಣಾಲ್ ಕುಮಾರ್ ಅವರ ಆಡಳಿತ ಮುಂದಿಟ್ಟ ಪಾರ್ಕಿಂಗ್ ನೀತಿ 2018ರ ಮಾರ್ಚ್‌ನಲ್ಲಿ ಸಭೆಗೆ ಬಂತು: ರಸ್ತೆಬದಿ ಗಾಡಿ ನಿಲ್ಲಿಸಿದರೆ ಶುಲ್ಕ, ರಾತ್ರಿಯಾದರೂ ಶುಲ್ಕ. ಎಲ್‌ಬಿಟಿ ತಂದಿದ್ದ ಪಕ್ಷಗಳೇ ಈಗ ಜನರ ಜೇಬಿನ ಪರವಾಗಿ ಕೂಗೆಬ್ಬಿಸಿದವು. ಶಿವಸೇನೆ, ಮಹಾರಾಷ್ಟ್ರ ನವನಿರ್ಮಾಣ ಸೇನೆ ಜೊತೆಗೂಡಿದವು. ಆಳುವ ಪಕ್ಷದವರಿಗೂ ಒಳಗೊಳಗೇ ಅಳುಕು. ಕೊನೆಗೆ ರಾತ್ರಿಯ ಶುಲ್ಕ ಬಿತ್ತು, ಪ್ರಯೋಗಕ್ಕೆಂದು ಐದು ರಸ್ತೆಗಳಷ್ಟೇ ಉಳಿದವು, ನೀತಿಗೆ ಒಪ್ಪಿಗೆ ಸಿಕ್ಕಿತು. ಒಪ್ಪಿಗೆಯೊಂದೇ ಸಿಕ್ಕಿದ್ದು ಎಂದರೂ ಸರಿಯೇ. ನಗರವಿಡೀ ಅದು ಜಾರಿಯಾಗಲಿಲ್ಲ. ಬೇಡವೆಂದವರಿಗೂ ಜಯ, ಬೇಕೆಂದವರ ಕೈಯಲ್ಲೂ ಠರಾವು: ಇಂಥ ಜಾಣತನ ಹಳೆಯ ಕಟ್ಟೆಯವನಿಗೆ ಎಲ್ಲಿ ಬರಬೇಕು!

ಅದೇ ವಸಂತದಲ್ಲಿ ಆರ್‌ಟಿಒ ಲೆಕ್ಕ ಹೊರಬಿತ್ತು. ಸುಮಾರು 35 ಲಕ್ಷ ಜನರ ಊರಿನಲ್ಲಿ 36 ಲಕ್ಷಕ್ಕೂ ಮಿಕ್ಕಿ ವಾಹನ.

ಬೆಂಗಳೂರೂ ಬೇರೆಯಲ್ಲ. 2021ರಲ್ಲಿ ಬಂದ ‘ಪಾರ್ಕಿಂಗ್ ನೀತಿ 2.0’ ಮನೆ ಮುಂದಿನ ರಸ್ತೆಯಲ್ಲಿ ಕಾರು ನಿಲ್ಲಿಸಲು ವರ್ಷಕ್ಕೆ 1,000ದಿಂದ 5,000 ರೂಪಾಯಿಯ ಪರವಾನಗಿ ಬೇಕೆಂದಾಗ, ರಸ್ತೆ ತೆರಿಗೆ ಕಟ್ಟಿಲ್ಲವೇ ಎಂಬ ಪ್ರಶ್ನೆ ಥಟ್ಟನೆ ಎದ್ದಿತು. ಪ್ರಶ್ನೆ ನ್ಯಾಯವಾದದ್ದೇ. ವಸೂಲಾದ ಹಣ ಎಲ್ಲಿ ಹೋಗುತ್ತದೆಂದು ಗೊತ್ತಿಲ್ಲದವನು ಕೊಡಲು ಹಿಂದೆಗೆಯುತ್ತಾನೆ. ಅಮೆರಿಕದ ಹಳೆಯ ಪ್ಯಾಸಡೀನಾ ಪೇಟೆಯಲ್ಲಿ 1993ರಲ್ಲಿ ಪಾರ್ಕಿಂಗ್ ಮೀಟರ್ ಬಂದದ್ದು, ಹಣವನ್ನು ಅಲ್ಲಿಯದೇ ಕಾಲುದಾರಿ, ದೀಪ, ಸ್ವಚ್ಛತೆಗೆ ಖರ್ಚು ಮಾಡುತ್ತೇವೆಂದ ಮೇಲೆ. ಮೊದಲು ವಿರೋಧಿಸಿದ್ದ ವರ್ತಕರು ಆಮೇಲೆ ಒಪ್ಪಿದರು.

ಗಾದೆ ಒಬ್ಬನನ್ನು ಮಾತ್ರ ಬಿಟ್ಟಿದೆ: ಹೇರೂ ಇಲ್ಲದ, ಗಾಡಿಯೂ ಇಲ್ಲದ ಮೂರನೆಯವನನ್ನು. ಮಾರ್ಕೆಟ್ ಯಾರ್ಡ್‌ನಲ್ಲಿ ಅವನಿಗೆ ಹಮಾಲ ಎನ್ನುತ್ತಾರೆ. ಕಾರ್ಮಿಕ ಮುಖಂಡ ಬಾಬಾ ಆಢಾವ್ 1950ರ ದಶಕದಲ್ಲೇ ಹಮಾಲ ಪಂಚಾಯತ್ ಎಂಬ ಸಂಘ ಕಟ್ಟಿದ್ದರಿಂದ ಕೂಲಿಯ ಮಾತಿಗೆ ಅವನಿಗೊಂದು ದನಿಯಿದೆ. ಸಾಲಾಗಿ ನಿಂತ ಕಾರುಗಳ ಹಿಂದೆ ಸಿಕ್ಕಿಬಿದ್ದ ನಗರ ಸಾರಿಗೆ ಬಸ್ಸಿನಲ್ಲಿ ಕೂತಾಗ ಆ ದನಿ ಕೇಳಿಸುವುದಿಲ್ಲ. ಬಸ್ಸಿನ ಟಿಕೆಟ್ಟಿಗೆ ಮಾತ್ರ ದುಡ್ಡು ಕೊಟ್ಟಿರುತ್ತಾನೆ.